ಮುಖಕ್ಕೆ ಲೇಪ, ಎಣ್ಣೆ, ಅರಿಶಿನ, ಗಂಧ: ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮ ಸೋದರತ್ತೆ ಹಾಸನದ ಕಡೆ ಆಯುರ್ವೇದ ಡಾಕ್ಟರು. ನಾನು ಕಾಲೇಜು ಓದೋವಾಗ ಬೇಸಿಗೆ ರಜಾ ಬಂತು ಅಂದ್ರೆ ಅವರ ಕ್ಲಿನಿಕ್ಕಿನ ಹಿಂದಿನ ರೂಮಲ್ಲಿ ಕೂತು ಬೇರು ಕುಟ್ಟೋದು, ಪುಡಿ ವಸ್ತ್ರಗಾಳಿತ ಮಾಡೋದು ಅಂದ್ರೆ ಬಟ್ಟೇಲಿ ಸೋಸೋದು, ಡಬ್ಬಕ್ಕೆ ಚೀಟಿ ಅಂಟಿಸೋದು, ಇದೇ ಕೆಲಸ. ಆಚೆ ಅವರು ಪೇಷೆಂಟ್ ಹತ್ರ ಮಾತಾಡೋದೆಲ್ಲ ಈಚೆ ಕೇಳಿಸ್ತಿತ್ತು, ನಾನು ಕಲಿತಿದ್ದು ಹಾಗೆ. ಈಗ ಬಳಗದಲ್ಲಿ ಯಾರ ಮದ್ವೆ ಫಿಕ್ಸ್ ಆದ್ರೂ, ಯಾರ ಮಗಳಿಗೆ ಮೊಡವೆ ಎದ್ರೂ ಫೋನು ನನಗೇ ಬರತ್ತೆ, ಕೇಳೋ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡ್ತಿದ್ದೀನಿ.

ಫೇಸ್ ಪ್ಯಾಕ್ ಹಾಕಿದ್ರೆ ಎಷ್ಟು ಹೊತ್ತು ಬಿಡ್ಬೇಕು? ಪೂರ್ತಿ ಒಣಗಿ ಬಿಗಿ ಆಗೋವರೆಗೂ ತಾನೇ?

ಅಲ್ಲ. ಎಲ್ಲರೂ ತಪ್ಪು ಮಾಡೋದೇ ಇಲ್ಲಿ, ಅದಕ್ಕೇ ಇದನ್ನ ಮೊದಲು ಹಾಕಿದ್ದೀನಿ. ಅಷ್ಟಾಂಗ ಹೃದಯ ಅನ್ನೋ ಹಳೇ ಆಯುರ್ವೇದ ಗ್ರಂಥದ ಸೂತ್ರಸ್ಥಾನದ 22ನೇ ಅಧ್ಯಾಯದಲ್ಲಿ ಮುಖಲೇಪದ ಬಗ್ಗೆನೇ ಬೇರೆ ಭಾಗ ಇದೆ. ಲೇಪ ಹಸಿಯಾಗಿರೋ ತನಕ ಮಾತ್ರ ಮುಖದ ಮೇಲೆ ಇರ್ಬೇಕು, ಒಣಗಿತು ಅಂದ್ರೆ ಅದೇ ಕಾಂತಿ ಕೆಡಿಸತ್ತೆ ಅಂತ ಅಲ್ಲಿ ನೇರವಾಗಿ ಹೇಳಿದಾರೆ. ತೆಗೆಯೋವಾಗ ಮತ್ತೆ ನೀರಲ್ಲಿ ನೆನೆಸಿ ಮೆತ್ತಗೆ ಮಾಡ್ಕೊಂಡು ತೆಗೀಬೇಕು, ತೆಗೆದ ಮೇಲೆ ಎಣ್ಣೆ ಹಚ್ಬೇಕು. ಮೂರೇ ಮಾತು, ಆದ್ರೆ ನಾವು ಮಾಡೋದು ಮೂರಕ್ಕೂ ಉಲ್ಟಾ: ಬಿರುಕು ಬಿಡೋವರೆಗೂ ಒಣಗಿಸ್ತೀವಿ, ಗಸಗಸ ಉಜ್ಜಿ ಉದುರಿಸ್ತೀವಿ, ಆಮೇಲೆ ಸೋಪ್ ಹಾಕಿ ತೊಳೀತೀವಿ, ಎಣ್ಣೆ ಅಂದ್ರೆ ಮುಖ ಸಿಂಡರಿಸ್ತೀವಿ.

ಯೋಚನೆ ಮಾಡಿದ್ರೆ ಕಾರಣ ಅರ್ಥ ಆಗತ್ತೆ. ಹಿಟ್ಟು, ಮಣ್ಣು ಯಾವುದೇ ಆಗ್ಲಿ ಹಸಿ ಇರೋವಾಗ ಚರ್ಮಕ್ಕೆ ತಂಪು ಕೊಡತ್ತೆ, ಮೇಲಿನ ಜಿಡ್ಡು ಹೀರತ್ತೆ, ಒಣಗ್ತಾ ಹೋದ ಹಾಗೆ ಚರ್ಮದಲ್ಲಿರೋ ತೇವಾನೇ ಎಳೆಯೋಕೆ ಶುರು ಮಾಡತ್ತೆ, ಆ ಬಿಗಿ ಬಿಗಿ ಅನ್ಸೋದು ಚರ್ಮ ಟೈಟ್ ಆಗಿದ್ದಲ್ಲ, ಒಣಗಿದ್ದು. ಫ್ಯಾನ್ ಕೆಳಗೆ ಕೂತ್ರೆ ಹತ್ತು ನಿಮಿಷಕ್ಕೇ ಅಂಚು ಒಣಗತ್ತೆ. ನಮ್ಮತ್ತೆ ಗಡಿಯಾರ ನೋಡ್ತಿರಲಿಲ್ಲ, ಕಿವಿ ಪಕ್ಕ ಕೆನ್ನೆ ಅಂಚಲ್ಲಿ ಬೆರಳಿಟ್ಟು ನೋಡೋರು, ಬೆರಳಿಗೆ ಲೇಪ ಅಂಟೋದು ನಿಂತ ತಕ್ಷಣ ಒದ್ದೆ ಬಟ್ಟೆ ಹಾಕಿಬಿಡೋರು.

ದಪ್ಪಕ್ಕೂ ಅಲ್ಲಿ ಲೆಕ್ಕ ಇದೆ, ಬೆರಳಿನ ಅಗಲದ ಕಾಲು ಭಾಗ, ಮೂರನೇ ಒಂದು ಭಾಗ, ಅರ್ಧ ಭಾಗ ಅಂತ ಮೂರು ಅಳತೆ. ನಾವು ಹಚ್ಚೋದು ಬ್ರಷ್ಷಲ್ಲಿ ಬಣ್ಣ ಬಳಿದ ಹಾಗೆ ತೆಳ್ಳಗೆ, ಅದು ಬೇಗ ಒಣಗದೆ ಇನ್ನೇನಾಗತ್ತೆ! ಬೆರಳಿನ ಅಗಲದ ಕಾಲು ಭಾಗದಷ್ಟು ದಪ್ಪ ಹಚ್ಚಿ ನೋಡಿ, ವ್ಯತ್ಯಾಸ ಮೊದಲ ಸಲಕ್ಕೇ ಗೊತ್ತಾಗತ್ತೆ.

ಹಚ್ಚಿಕೊಂಡಾಗ ಮಾತಾಡ್ಬಾರ್ದು ಅಂತಾರಲ್ಲ, ನಿಜಾನಾ?

ನಿಜ. ಅದೇ ಅಧ್ಯಾಯದಲ್ಲಿ ಲೇಪ ಇರೋವಾಗ ಹಗಲು ನಿದ್ದೆ, ಮಾತು, ಬೆಂಕಿ ಕಾಯಿಸೋದು, ಬಿಸಿಲು, ದುಃಖ, ಕೋಪ ಇಷ್ಟೂ ಬೇಡ ಅಂದಿದಾರೆ. ನೆಗಡಿ ಇದ್ದಾಗ, ಅಜೀರ್ಣ ಆದಾಗ, ರಾತ್ರಿ ನಿದ್ದೆಗೆಟ್ಟಿದ್ದಾಗ ಹಚ್ಚಲೇಬೇಡಿ ಅಂತಾನೂ ಇದೆ. ಮದ್ವೆ ಹಿಂದಿನ ರಾತ್ರಿ ಎಲ್ಲಾ ಎದ್ದಿದ್ದು ಬೆಳಗಿನ ಜಾವ ಮುಖಕ್ಕೆ ಏನೇನೋ ಮೆತ್ತಿಕೊಳ್ಳೋ ಹುಡುಗೀರಿಗೆ ನಾನು ಇದನ್ನ ಹೇಳ್ತೀನಿ, ಆ ದಿನ ಬರೀ ತಣ್ಣೀರು ಸಾಕು. ಹೆಂಗಸರು ಲೇಪ ಹಾಕ್ಕೊಂಡೇ ಒಲೆ ಮುಂದೆ ನಿಂತು ಚಪಾತಿ ಬೇಯಿಸ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಹದಿನೈದು ನಿಮಿಷ ನಿಮಗೋಸ್ಕರ ಕೂತ್ಕೊಳ್ಳಿ, ಮನೆ ಎಲ್ಲೂ ಹೋಗಲ್ಲ.

ರಾತ್ರಿ ಹಚ್ಚಿ ಮಲಗಬಹುದಾ? ಮಿಕ್ಕಿದ್ದು ಫ್ರಿಜ್ಜಲ್ಲಿ ಇಡಬಹುದಾ?

ಎರಡೂ ಬೇಡ. ಲೇಪ ಹಗಲಲ್ಲೇ, ಆ ಹೊತ್ತಿಗೆ ಕಲಸಿದ್ದೇ. ನಿನ್ನೆ ಕಲಸಿದ್ದು ಇವತ್ತಿಗಿಲ್ಲ, ಒಣಗಿದ ಲೇಪದ ಮೇಲೆ ಇನ್ನೊಂದು ಪದರ ಹಚ್ಚೋದೂ ಇಲ್ಲ, ಹಳೇ ವೈದ್ಯ ಗ್ರಂಥಗಳಲ್ಲಿ ಇದು ಸ್ಪಷ್ಟವಾಗಿದೆ. ರಾತ್ರಿಗೆ ಎಣ್ಣೆ ಬೇರೆ ಮಾತು.

ನನ್ನದು ಯಾವ ತರದ ಚರ್ಮ ಅಂತ ಗೊತ್ತಾಗೋದು ಹೇಗೆ?

ಬೆಳಿಗ್ಗೆ ಬರೀ ನೀರಲ್ಲಿ ಮುಖ ತೊಳೆದು ಏನೂ ಹಚ್ಚದೆ ಒಂದು ಗಂಟೆ ಬಿಡಿ. ಎಳೆದ ಹಾಗೆ, ಹೊಟ್ಟು ಎದ್ದ ಹಾಗೆ ಅನ್ಸಿದ್ರೆ ವಾತದ ಕಡೆ, ಕೆಂಪಗಾಗೋದು, ಸಣ್ಣ ಬಿಸಿಲಿಗೂ ಉರಿ ಬರೋದು ಪಿತ್ತದ ಕಡೆ, ಮೂಗು ಹಣೆ ಜಿಡ್ಡುಗಟ್ಟಿ ರಂಧ್ರ ದಪ್ಪ ಕಂಡ್ರೆ ಕಫದ ಕಡೆ. ಹೆಚ್ಚಿನವರದ್ದು ಮಿಕ್ಸ್, ಹಣೆ ಒಂದು ತರ ಕೆನ್ನೆ ಒಂದು ತರ. ವಾತ ಕಫಕ್ಕೆ ಲೇಪ ಬೆಚ್ಚಗೆ, ಪಿತ್ತಕ್ಕೆ ತಣ್ಣಗೆ, ಇಷ್ಟು ನೆನಪಿಟ್ಕೊಂಡ್ರೆ ಮನೆ ಮಟ್ಟಿಗೆ ಸಾಕು.

ಊರಿನ ಹವೆನೂ ಲೆಕ್ಕಕ್ಕೆ ಬರತ್ತೆ. ಮಂಗಳೂರಿನ ಸೆಕೆಗೆ ಕೂತ ಲೇಪ ಜನವರಿಯಲ್ಲಿ ಚಿತ್ರದುರ್ಗದ ಒಣ ಗಾಳಿಗೆ ಕೂರಲ್ಲ. ಗ್ರಂಥದಲ್ಲೂ ಆರು ಋತುವಿಗೆ ಆರು ಲೇಪ ಕೊಟ್ಟಿದಾರೆ: ಹೇಮಂತಕ್ಕೆ ಬೋರೆ ಬೀಜದ ತಿರುಳು, ಲೋಧ್ರ (ಒಂದು ಮರದ ತೊಗಟೆ), ಬಿಳಿ ಸಾಸಿವೆ, ಗ್ರೀಷ್ಮಕ್ಕೆ ನೈದಿಲೆ, ಗರಿಕೆ, ಜ್ಯೇಷ್ಠಮಧು, ಗಂಧ. ಒಂದೇ ಪ್ಯಾಕೆಟ್ ವರ್ಷ ಪೂರ್ತಿ ಅನ್ನೋದು ಇತ್ತೀಚಿನ ಪದ್ಧತಿ.

ಕಡಲೆಹಿಟ್ಟಾ, ಹೆಸರುಹಿಟ್ಟಾ, ಮುಲ್ತಾನಿ ಮಿಟ್ಟಿನಾ?

ನನ್ನ ಓಟು ಹೆಸರುಹಿಟ್ಟಿಗೆ. ಕಡಲೆಹಿಟ್ಟು ಒಣ ಚರ್ಮಕ್ಕೆ ಸ್ವಲ್ಪ ಒರಟು, ಎಣ್ಣೆ ಹಚ್ಚಿಕೊಂಡಾಗ ಜಿಡ್ಡು ತೆಗೆಯೋಕೆ ಒಳ್ಳೇದು, ಅದಕ್ಕೇ ದೀಪಾವಳಿ ಎಣ್ಣೆ ಸ್ನಾನಕ್ಕೆ ಅದು. ಮುಲ್ತಾನಿ ಮಿಟ್ಟಿ ತುಂಬಾ ಜಿಡ್ಡು ಮುಖ ಇದ್ರೆ ವಾರಕ್ಕೊಂದು ಸಲ, ಒಣ ಚರ್ಮದವರು ಮುಟ್ಟಲೇಬೇಡಿ. ಸೀಗೆಪುಡಿ ತಲೆಗೆ, ಮುಖಕ್ಕಲ್ಲ, ಕಣ್ಣಿಗೆ ಹೋದ್ರೆ ಗೊತ್ತಲ್ಲ.

ಹಿಟ್ಟು ಯಾವುದೇ ಇರ್ಲಿ, ಮೊದಲು ತೆಳ್ಳನೆ ಬಟ್ಟೇಲಿ ಸೋಸಿ, ಮಿಕ್ಸಿಯಲ್ಲಿ ತಿರುಗಿಸಿದ ಹಿಟ್ಟಲ್ಲಿ ಸಣ್ಣ ರವೆ ಇರತ್ತೆ, ಅದೇ ಕೆನ್ನೆ ಗೀರೋದು.

ಅಡುಗೆ ಅರಿಶಿನನೇ ಹಚ್ಚಬಹುದಾ? ಕಸ್ತೂರಿ ಅರಿಶಿನ ಅಂದ್ರೆ ಬೇರೆನಾ?

ಬೇರೆ ಗಿಡ. ಅಡುಗೆ ಅರಿಶಿನ ಹಚ್ಚಿದ್ರೆ ಎರಡು ದಿನ ಮುಖ ಹಳದಿ, ಕಸ್ತೂರಿ ಅರಿಶಿನ ಅಷ್ಟು ಬಣ್ಣ ಹಿಡಿಯಲ್ಲ, ಮೂಗಿಗೆ ಹಿಡಿದ್ರೆ ಕರ್ಪೂರದ ತರ ವಾಸನೆ. ಅದರ ಗೆಡ್ಡೆ ಒಳಗೆ ಮಾಸಲು ಕೆನೆ ಬಣ್ಣ, ಹಾಗಾಗಿ ಕಸ್ತೂರಿ ಅಂತ ಹೇಳಿ ಗಾಢ ಹಳದಿ ಪುಡಿ ಕೊಟ್ರೆ ಅನುಮಾನ ಪಡಿ, ಬೇರೆ ಜಾತಿ ಗೆಡ್ಡೆನ ಅದೇ ಹೆಸರಲ್ಲಿ ಮಾರೋದು ಬಹಳ ಇದೆ. ಗ್ರಂಧಿಗೆ ಅಂಗಡಿಯಲ್ಲಿ ಪುಡಿ ಬದ್ಲು ಒಣಗಿದ ತುಂಡು ತಗೊಂಡು ಮನೇಲಿ ಕುಟ್ಟೋದು ಕ್ಷೇಮ.

ಅಡುಗೆ ಅರಿಶಿನಕ್ಕೂ ಬಣ್ಣ ಬೆರೆಸ್ತಾರೆ. ಒಂದು ಲೋಟ ನೀರಿಗೆ ಚಮಚ ಪುಡಿ ಹಾಕಿ ಕಲಕದೆ ಬಿಡಿ, ಒಳ್ಳೇದಾದ್ರೆ ಕೆಳಗೆ ಕೂತು ಮೇಲಿನ ನೀರು ತಿಳಿ ಹಳದಿ ಆಗತ್ತೆ, ಬಣ್ಣ ಹಾಕಿದ್ದಾದ್ರೆ ನೀರೆಲ್ಲ ಕಡು ಹಳದಿ. ಅರಿಶಿನ ಶಾಸ್ತ್ರದಲ್ಲಿ ಮದುಮಗಳ ಮುಖಕ್ಕೆ ಇಡೀ ಬಳಗ ಹಚ್ಚತ್ತೆ, ಆವತ್ತು ಈ ಲೋಟದ ಪರೀಕ್ಷೆ ಮಾಡಿಯೇ ಬಟ್ಟಲು ತುಂಬಿಸಿ, ಎರಡು ದಿನ ಬಿಟ್ಟು ಮುಹೂರ್ತ ಇರೋ ಮುಖ ಅದು. ಲೇಪಕ್ಕೆ ಯಾವ ಅರಿಶಿನನೇ ಆದ್ರೂ ಒಂದು ಚಿಟಿಕೆ ಸಾಕು, ಚಮಚ ಚಮಚ ಹಾಕೋದ್ರಿಂದ ಉಪಕಾರ ಹೆಚ್ಚಾಗಲ್ಲ, ಕೆಲವರಿಗೆ ಅರಿಶಿನದಿಂದಲೇ ತುರಿಕೆ ಬರತ್ತೆ.

ಗಂಧದ ಪುಡಿ ಯಾವ್ದು ತಗೋಬೇಕು?

ಪುಡಿ ತಗೋಬೇಡಿ, ಕೊರಡು ತಗೊಳ್ಳಿ. ಕರ್ನಾಟಕದಲ್ಲಿ ಹುಟ್ಟಿದವರಿಗೆ ಇದನ್ನ ಹೇಳ್ಬೇಕಾಗಿ ಬಂದಿದ್ದು ನನಗೆ ನಿಜವಾಗ್ಲೂ ಬೇಜಾರು. ಮೈಸೂರಲ್ಲಿ ಗಂಧದೆಣ್ಣೆ ಫ್ಯಾಕ್ಟರಿ ಶುರುವಾಗಿದ್ದು 1916ರಲ್ಲಿ, ನಮ್ಮ ಗಂಧ ಇಡೀ ಜಗತ್ತಿಗೆ ಹೋಯ್ತು, ಇವತ್ತು ನಮ್ಮ ಮನೇಲೇ ಐವತ್ತು ರೂಪಾಯಿ ಪ್ಯಾಕೆಟ್ಟಲ್ಲಿ ಯಾವುದೋ ಮರದ ಹೊಟ್ಟಿಗೆ ಸೆಂಟ್ ಹಾಕಿದ್ದನ್ನ ಮುಖಕ್ಕೆ ಬಳ್ಕೊತಿದ್ದೀವಿ. ಮರದ ಒಳಗಿನ ಚೇಗು ಬಲಿಯೋಕೆ ಎಷ್ಟೋ ವರ್ಷ ಬೇಕು, ಆ ಬೆಲೆಗೆ ಅಸಲಿ ಸಿಗೋದು ಸಾಧ್ಯನೇ ಇಲ್ಲ. ಸರ್ಕಾರಿ ಕಾವೇರಿ ಎಂಪೋರಿಯಂ ತರದ ಕಡೆ ಸಣ್ಣ ತುಂಡು ತಗೊಂಡ್ರೆ ದುಡ್ಡು ಜಾಸ್ತಿ ಅನ್ಸತ್ತೆ, ಆದ್ರೆ ಒಂದು ಬೆರಳುದ್ದದ ತುಂಡು ಮನೆಮಂದಿಗೆಲ್ಲ ವರ್ಷಗಟ್ಟಲೆ ಬರತ್ತೆ.

ತೇಯೋದಕ್ಕೆ ತಾಳ್ಮೆ ಬೇಕು. ಸಾಣೆಕಲ್ಲು ತೊಳೆದು ಎರಡು ಹನಿ ನೀರು ಬಿಟ್ಟು ಕೊರಡನ್ನ ಸುತ್ತ ತಿರುಗಿಸ್ತಾ ತೇಯಿರಿ, ಮೊದಲ ಒಂದೆರಡು ನಿಮಿಷ ನೀರು ಸುಮ್ನೆ ಮಬ್ಬಾಗತ್ತೆ, ಏನೂ ಬರ್ತಿಲ್ಲ ಅನ್ಸತ್ತೆ, ಆಮೇಲೆ ಇದ್ದಕ್ಕಿದ್ದ ಹಾಗೆ ಕೈಗೆ ಭಾರ ಗೊತ್ತಾಗತ್ತೆ, ಕೊರಡು ಕಲ್ಲಿಗೆ ಹಿಡಿದ ಹಾಗೆ ಆಗತ್ತೆ, ಆಗ ಅಂಚಲ್ಲಿ ಕೆನೆ ತರ ಗಂಧ ಸೇರೋಕೆ ಶುರು. ಒಟ್ಟಿಗೆ ನೀರು ಸುರೀಬೇಡಿ, ಹನಿ ಹನಿಯಾಗೇ. ನಮ್ಮಜ್ಜಿ ದೇವರಿಗೆ ತೇಯ್ದ ಮೇಲೆ ಕಲ್ಲಿಗೆ ಅಂಟಿದ್ದನ್ನ ಬೆರಳಲ್ಲಿ ಒರೆಸಿ ನನ್ನ ಸೆಕೆಗುಳ್ಳೆ ಮೇಲೆ ಇಡೋರು, ಆ ತಂಪು ಈಗ್ಲೂ ಹಣೆ ಮೇಲಿದೆ ಅನ್ಸತ್ತೆ.

ರಕ್ತಚಂದನ ಬೇರೆ ಮರ, ಪರಿಮಳ ಇರಲ್ಲ, ಕೆಂಪು ಬಣ್ಣ. ಅದೂ ಲೇಪಕ್ಕೆ ಬರತ್ತೆ, ಆದ್ರೆ ಶ್ರೀಗಂಧದ ಬದಲಿ ಅಲ್ಲ.

ಮೊಡವೆಗೆ ಆಯುರ್ವೇದದಲ್ಲಿ ಏನಿದೆ?

ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಮುಖದೂಷಿಕಾ ಅಂತಾರೆ, ಬೂರುಗದ ಮರದ ಮುಳ್ಳಿನ ಹಾಗೆ ಪ್ರಾಯದವರ ಮುಖದಲ್ಲಿ ಏಳೋ ಗುಳ್ಳೆ, ಕಫ ವಾತ ರಕ್ತ ಮೂರೂ ಕೆಟ್ಟು ಬರೋದು ಅಂತ. ಬೂರುಗದ ಕಾಂಡ ನೋಡಿದವರಿಗೆ ಗೊತ್ತು, ಬುಡ ಅಗಲ ತುದಿ ಚೂಪು, ಹೋಲಿಕೆ ಎಷ್ಟು ಸರಿಯಾಗಿದೆ ಅಂತ.

ಇದಕ್ಕೆ ಹಳೇ ಲೇಪ ಒಂದಿದೆ, ಲೋಧ್ರ, ಕೊತ್ತಂಬರಿ ಬೀಜ, ಬಜೆ. ಮೂರೂ ಗ್ರಂಧಿಗೆ ಅಂಗಡಿಯಲ್ಲಿ ಸಿಗತ್ತೆ. ನುಣ್ಣಗೆ ಪುಡಿ ಮಾಡಿ ನೀರಲ್ಲಿ ಕಲಸಿ ಗುಳ್ಳೆ ಇರೋ ಕಡೆ ಹಚ್ಚೋದು. ಬಜೆ ಖಾರ, ನಮ್ಮತ್ತೆ ಅದನ್ನ ಉಳಿದೆರಡಕ್ಕಿಂತ ಬಹಳ ಕಮ್ಮಿ ಹಾಕಿಸೋರು, ಕೆಂಪಗೆ ಉರಿಯೋ ಮುಖಕ್ಕೆ ಬಜೆ ಬಿಟ್ಟೇಬಿಡೋರು. ವಾರಕ್ಕೆ ಎರಡು ಸಲ ಸಾಕು.

ಇದಕ್ಕಿಂತ ಮುಖ್ಯ ಅಂದ್ರೆ ಕೈ ಹಾಕದೇ ಇರೋದು. ಗಿಲ್ಲಿದ್ರೆ ಕಲೆ, ಕೆಲವು ಸಲ ಗುಣಿ, ಆ ಗುಣಿ ಯಾವ ಲೇಪಕ್ಕೂ ತುಂಬಲ್ಲ. ತಲೆಗೆ ಎಣ್ಣೆ ಹಚ್ಚಿ ಮಲಗೋರು ದಿಂಬಿನ ಕವರ್ ಎರಡು ದಿನಕ್ಕೊಂದು ಸಲ ಬದಲಿಸಿ, ಹಣೆ ಮೇಲೆ ಸಾಲಾಗಿ ಸಣ್ಣ ಗುಳ್ಳೆ ಬರೋದು ಬಹಳ ಸಲ ತಲೆ ಎಣ್ಣೆಯಿಂದ, ತಲೆಹೊಟ್ಟಿಂದ. ಮೊಡವೆ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟತ್ತೆ. ಬೇವಿನೆಲೆ ಹಾಕಿ ಕುದಿಸಿ ಆರಿಸಿದ ನೀರಲ್ಲಿ ಮುಖ ತೊಳೆಯೋದು ಪರವಾಗಿಲ್ಲ, ಹಸಿ ಬೇವು ಅರೆದು ದಪ್ಪಗೆ ಮೆತ್ತಿದ್ರೆ ಕೆಲವರಿಗೆ ಸಿಪ್ಪೆ ಏಳತ್ತೆ.

ಹುಡುಗೀರಿಗೆ ಗಲ್ಲದ ಸುತ್ತ ದಪ್ಪ ಗಂಟು ತರ ಬರ್ತಾ ಇದ್ದು, ಮುಟ್ಟು ತಪ್ಪುತಾ ಇದ್ದು, ಕತ್ತಿನ ಹಿಂದೆ ಕಪ್ಪಾಗ್ತಿದ್ರೆ ಅದು ಮುಖದ ಸಮಸ್ಯೆ ಅಲ್ಲ, ಒಳಗಿನ ಹಾರ್ಮೋನು, ಸಕ್ಕರೆ ಸಮಸ್ಯೆ. ಲೇಪ ಹುಡುಕ್ತಾ ಆರು ತಿಂಗಳು ಕಳೀಬೇಡಿ, ಮೊದಲು ಬ್ಲಡ್ ಟೆಸ್ಟ್.

ಬಂಗು ಹೋಗತ್ತಾ?

ತಿಳಿಯಾಗತ್ತೆ, ಪೂರ್ತಿ ಹೋಗತ್ತೆ ಅಂತ ಯಾರಾದ್ರೂ ಗ್ಯಾರಂಟಿ ಕೊಟ್ರೆ ನಂಬಬೇಡಿ. ಗ್ರಂಥದಲ್ಲಿ ಇದಕ್ಕೆ ವ್ಯಂಗ ಅಂತ ಹೆಸರು, ಕೋಪ ಮತ್ತೆ ಆಯಾಸದಿಂದ ಕೆರಳಿದ ವಾತ ಪಿತ್ತದ ಜೊತೆ ಸೇರಿ ಮುಖಕ್ಕೆ ಬಂದು ಕಪ್ಪು ಮಚ್ಚೆ ಮಾಡತ್ತೆ ಅಂತ ಸುಶ್ರುತದಲ್ಲಿದೆ. ಮೂವತ್ತು ದಾಟಿದ ಹೆಂಗಸರಿಗೆ, ಅದರಲ್ಲೂ ಹೆರಿಗೆ ಆದ್ಮೇಲೆ, ಗದ್ದೆ ಕೆಲಸ ಮಾಡೋರಿಗೆ ಜಾಸ್ತಿ ಕಾಣೋದು ಇದೇ. ಬಸುರಿನ ಹಾರ್ಮೋನು ಬದಲಾವಣೆ, ಬಿಸಿಲು ಎರಡೂ ಇದಕ್ಕೆ ಕಾರಣ ಅಂತ ಚರ್ಮದ ಡಾಕ್ಟರುಗಳೂ ಹೇಳ್ತಾರೆ.

ಅಷ್ಟಾಂಗ ಹೃದಯದಲ್ಲಿ ವ್ಯಂಗಕ್ಕೆ ಹೊಳೆಮತ್ತಿ (ಅರ್ಜುನ) ಮರದ ತೊಗಟೆ ಅಥವಾ ಮಂಜಿಷ್ಠ, ಜೇನುತುಪ್ಪದಲ್ಲಿ ಕಲಸಿ ಹಚ್ಚೋಕೆ ಹೇಳಿದಾರೆ. ಮಂಜಿಷ್ಠ ಅಂದ್ರೆ ಬಳ್ಳಿ ಬೇರು, ಕೆಂಪು ಪುಡಿ, ಹಳೇ ಬಟ್ಟೆ ಹಾಕ್ಕೊಂಡು ಕೂರಿ ಯಾಕಂದ್ರೆ ಕಾಲರಿಗೆ ಬಿದ್ರೆ ಕಲೆ ಬಿಡಲ್ಲ. ಅರ್ಧ ಚಮಚ ಪುಡಿಗೆ ಹಿಡಿಯೋಷ್ಟು ಜೇನು, ಕಾಲು ಗಂಟೆ, ನೆನೆಸಿ ತೆಗೀರಿ. ಜೇನು ಒಣಗಲ್ಲ, ಹಾಗಾಗಿ ಮೊದಲು ಹೇಳಿದ ನಿಯಮ ತಾನಾಗೇ ಪಾಲನೆ ಆಗತ್ತೆ. ಎರಡು ಮೂರು ತಿಂಗಳು ಬಿಡದೆ ಮಾಡ್ಬೇಕು. ಆದ್ರೆ ಛತ್ರಿ, ಸೆರಗು, ಸನ್‌ಸ್ಕ್ರೀನ್ ಇಲ್ದೆ ಬಿಸಿಲಲ್ಲಿ ಓಡಾಡ್ತಾ ಮಂಜಿಷ್ಠ ಹಚ್ಚೋದು ತೂತು ಬಿಂದಿಗೆಗೆ ನೀರು ಹಾಕಿದ ಹಾಗೆ.

ಸನ್‌ಸ್ಕ್ರೀನ್ ಆಯುರ್ವೇದ ಅಲ್ವಲ್ಲ, ಹಚ್ಚಬಹುದಾ?

ಹಚ್ಚಿ. ಗಂಧ, ಲೋಳೆಸರ, ಎಳ್ಳೆಣ್ಣೆ ಯಾವುದೂ ಸನ್‌ಸ್ಕ್ರೀನ್ ಮಾಡೋ ಕೆಲಸ ಮಾಡಲ್ಲ. ಎಸ್‌ಪಿಎಫ್ 30 ಅಥವಾ ಮೇಲೆ, ಎರಡು ಬೆರಳುದ್ದಕ್ಕೆ ಹಿಂಡಿದಷ್ಟು ಮುಖ ಕತ್ತಿಗೆ, ಆಚೆ ಇದ್ರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ.

ಕುಂಕುಮಾದಿ ತೈಲ ಹಚ್ಚಿದ್ರೆ ಬೆಳ್ಳಗಾಗ್ತೀವಾ?

ಇದರಲ್ಲಿ ಎರಡು ತಪ್ಪು ತಿಳುವಳಿಕೆ ಇದೆ. ಮೊದಲನೇದು ಕುಂಕುಮ ಅಂದ್ರೆ ಹಣೆಗಿಡೋ ಕುಂಕುಮ ಅಲ್ಲ, ಕೇಸರಿ. ಕೇಸರಿ, ಗಂಧ, ಮಂಜಿಷ್ಠ, ಅರಗು, ಜ್ಯೇಷ್ಠಮಧು ಇಂಥವನ್ನೆಲ್ಲ ಎಳ್ಳೆಣ್ಣೆ ಮತ್ತೆ ಆಡಿನ ಹಾಲಲ್ಲಿ ಕಾಯಿಸಿ ಮಾಡೋದು ಹಳೇ ಕ್ರಮ. ಕೇಸರಿ ಬೆಲೆ ನಿಮಗೇ ಗೊತ್ತು, ಹಾಗಾಗಿ ನೂರು ರೂಪಾಯಿಗೆ ದೊಡ್ಡ ಬಾಟ್ಲಿ ಸಿಕ್ರೆ ಅದರಲ್ಲಿ ಕೇಸರಿ ಎಷ್ಟಿರತ್ತೆ ಅಂತ ನೀವೇ ಲೆಕ್ಕ ಹಾಕಿ. ಲೇಬಲ್ ಓದಿ, ಎಳ್ಳೆಣ್ಣೆ ಬದಲು ಮಿನರಲ್ ಆಯಿಲ್ ಇದ್ರೆ ವಾಪಸ್ ಇಡಿ, ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತಯಾರಾದ ದಿನ ಮೂರೂ ಇರ್ಲೇಬೇಕು.

ಎರಡನೇದು, ಬೆಳ್ಳಗೆ. ಗ್ರಂಥದಲ್ಲಿ ಇಂಥದ್ದಕ್ಕೆ ವರ್ಣ್ಯ ಅಂತಾರೆ, ಅಂದ್ರೆ ಅವರವರ ಸಹಜ ಬಣ್ಣಕ್ಕೆ ಕಳೆ ಬರೋದು ಅಂತ ಅತ್ತೆ ಪ್ರತಿಯೊಬ್ಬ ಪೇಷೆಂಟಿಗೂ ಬಿಡಿಸಿ ಹೇಳೋರು. ಕಪ್ಪಗಿರೋರು ಕೆಂಪಗಾಗೋದಲ್ಲ ಅದು. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಬಣ್ಣದ ಬಗ್ಗೆ ಆಡೋ ಮಾತಿದೆಯಲ್ಲ, ಅದೇ ಎಷ್ಟೋ ಮುಖ ಹಾಳು ಮಾಡಿರೋದು, ಮುಂದಿನ ಪ್ರಶ್ನೇಲಿ ಹೇಳ್ತೀನಿ.

ಬಳಸೋದು ಹೀಗೆ, ರಾತ್ರಿ ಮುಖ ತೊಳೆದು ಒದ್ದೆ ಇರೋವಾಗಲೇ ಎರಡು ಮೂರು ಹನಿ ಅಂಗೈಗೆ ಹಾಕ್ಕೊಂಡು ಕೆಳಗಿಂದ ಮೇಲಕ್ಕೆ ಮೆತ್ತಗೆ. ಜಿಡ್ಡು ಮುಖ, ಕೀವಿನ ಮೊಡವೆ ಇದ್ರೆ ಬೇಡ. ಇದನ್ನ ಮೂಗಿಗೆ ಹಾಕೋ ಕ್ರಮನೂ ಇದೆ, ಅದು ವೈದ್ಯರ ಮುಂದೆನೇ ಆಗ್ಬೇಕು, ಮನೇಲಲ್ಲ.

ಮೆಡಿಕಲ್ ಶಾಪಲ್ಲಿ, ಪಾರ್ಲರಲ್ಲಿ ಕೊಟ್ಟ ಕ್ರೀಮಲ್ಲಿ ಒಂದೇ ವಾರಕ್ಕೆ ಬೆಳ್ಳಗಾದೆ. ಅದನ್ನೇ ಮುಂದುವರಿಸಬಹುದಾ?

ದಯವಿಟ್ಟು ಬೇಡ. ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು ಇದೇ. ಪಾರ್ಲರಲ್ಲಿ ಲೇಬಲ್ ಇಲ್ಲದ ಸಣ್ಣ ಬಿಳಿ ಡಬ್ಬಿಯಲ್ಲಿ ಪ್ಯೂರ್ ಆಯುರ್ವೇದಿಕ್ ಅಂತ ಕೊಟ್ರು, ಹತ್ತು ದಿನಕ್ಕೆ ಮುಖ ಫಳಫಳ, ಎಲ್ಲರೂ ಕೇಳೋರೇ ಏನ್ ಹಚ್ತಿದ್ದೀಯಾ ಅಂತ. ನಾಲ್ಕು ತಿಂಗಳು ಹಚ್ಚಿದಳು. ಒಂದು ಸಲ ಊರಿಗೆ ಹೋಗೋವಾಗ ಡಬ್ಬಿ ಮರೆತಳು, ಮೂರನೇ ದಿನಕ್ಕೆ ಮುಖ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ, ಕೆನ್ನೆ ತುಂಬಾ ಕೆಂಪು ನರ ಕಾಣೋಕೆ ಶುರು, ಸಣ್ಣ ಸಣ್ಣ ಗುಳ್ಳೆ, ಲೈಟ್ ಹಾಕಿದ್ರೂ ತಡ್ಕೊಳ್ಳೋಕೆ ಆಗ್ತಿರಲಿಲ್ಲ. ಚರ್ಮದ ಡಾಕ್ಟರು ನೋಡಿದ ತಕ್ಷಣ ಹೇಳಿದ್ರು ಸ್ಟೀರಾಯ್ಡ್ ಅಂತ. ಸರಿ ಹೋಗೋಕೆ ವರ್ಷದ ಮೇಲಾಯ್ತು.

ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಈ ಹೆಸರು ಟ್ಯೂಬ್ ಮೇಲಿದ್ರೆ ಅದು ಸ್ಟೀರಾಯ್ಡ್, ಚೀಟಿ ಇಲ್ಲದೆ ಮುಖಕ್ಕೆ ಹಚ್ಚೋದಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನ ಡಾಕ್ಟರ ಚೀಟಿ ಇದ್ರೆ ಮಾತ್ರ ಕೊಡ್ಬೇಕು ಅನ್ನೋ ಪಟ್ಟಿಗೆ ಸೇರಿಸಿತು, ಆದ್ರೂ ಕೌಂಟರಲ್ಲಿ ಕೇಳಿದ್ರೆ ಕೊಟ್ಟುಬಿಡ್ತಾರೆ. ಈಗಾಗಲೇ ಹಚ್ತಿದ್ರೆ ಇದನ್ನ ಓದಿ ನೀವೇ ಒಂದೇ ಸಲಕ್ಕೆ ನಿಲ್ಲಿಸ್ಬೇಡಿ, ಚರ್ಮದ ಡಾಕ್ಟರ ಹತ್ರ ಡಬ್ಬಿ ಸಮೇತ ಹೋಗಿ, ಬಿಡಿಸೋದಕ್ಕೂ ಕ್ರಮ ಇದೆ.

ಇಂಥ ಬೆಳ್ಳಗಾಗೋ ಕ್ರೀಮುಗಳಲ್ಲಿ ಸೇರಿರೋ ಇನ್ನೊಂದು ಅಪಾಯ ಪಾದರಸ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬೆಳ್ಳಗಾಗೋ ಕ್ರೀಮ್ ಹಚ್ಚುತ್ತಿದ್ದವರಿಗೆ ಕಿಡ್ನಿ ತೊಂದರೆ ಬಂದಿದ್ದನ್ನ ಅಲ್ಲಿನ ಡಾಕ್ಟರುಗಳು ಪತ್ತೆ ಮಾಡಿದ್ರು, 2021ರಿಂದ 2023ರ ನಡುವಿನ ಕೇಸುಗಳು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಹೋಯ್ತು. ಚರ್ಮ ಗೋಡೆ ಅಲ್ಲ, ಒಳಗೆ ದಾರಿ ಇದೆ ಅದಕ್ಕೆ. ಆಯುರ್ವೇದ ಅನ್ನೋ ಹೆಸರನ್ನ ಇಂಥ ಡಬ್ಬಿ ಮೇಲೆ ಅಂಟಿಸೋದು ನೋಡಿದ್ರೆ ಹೊಟ್ಟೆ ಉರಿಯತ್ತೆ, ಯಾಕಂದ್ರೆ ಯಾವ ಲೇಪನೂ ವಾರಕ್ಕೆ ಬಣ್ಣ ಬದಲಿಸಲ್ಲ.

ನಿಂಬೆಹಣ್ಣು, ಅಡುಗೆ ಸೋಡಾ, ಟೂತ್‌ಪೇಸ್ಟ್?

ಮೂರೂ ಬೇಡ, ಮೂರೂ ಮುಖಲೇಪದ ಕ್ರಮದಲ್ಲಿ ಇಲ್ಲ. ಚರ್ಮ ತಾನಾಗೇ ಸ್ವಲ್ಪ ಹುಳಿ ಗುಣದ್ದು, ನಿಂಬೆರಸ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಹುಳಿ, ಸೋಡಾ ಅದಕ್ಕೆ ಪೂರಾ ವಿರುದ್ಧ ಕ್ಷಾರ. ನಿಂಬೆ ಹಚ್ಚಿ ಬಿಸಿಲಿಗೆ ಹೋದ್ರೆ ಸುಟ್ಟ ತರ ಗುಳ್ಳೆ ಎದ್ದು ಕಪ್ಪು ಕಲೆ ತಿಂಗಳಾನುಗಟ್ಟಲೆ ನಿಲ್ಲತ್ತೆ. ಹುಳಿ ಬೇಕೇ ಬೇಕು ಅಂದ್ರೆ ಮೊಸರಿನ ಕೆನೆ, ಅದೂ ಹುಳಿ ಬಾರದ್ದು.

ಲೋಳೆಸರ ಹಚ್ಚಿದ್ರೆ ತುರಿಸತ್ತೆ, ಯಾಕೆ?

ಎಲೆ ಕತ್ತರಿಸಿದ ತಕ್ಷಣ ಬರೋ ಹಳದಿ ರಸ ಇದೆಯಲ್ಲ, ತುರಿಕೆ ಅದರದ್ದು. ಎಲೆನ ಕತ್ತರಿಸಿ ಕತ್ತರಿಸಿದ ಕಡೆ ಕೆಳಗೆ ಮಾಡಿ ಲೋಟದಲ್ಲಿ ಕಾಲು ಗಂಟೆ ನಿಲ್ಲಿಸಿ, ಹಳದಿ ಎಲ್ಲ ಇಳಿಯತ್ತೆ. ಆಮೇಲೆ ಸಿಪ್ಪೆ ತೆಗೆದು ತಿರುಳನ್ನ ಎರಡು ಸಲ ತೊಳೆದು ಹಚ್ಚಿ. ಆಗ್ಲೂ ತುರಿಸಿದ್ರೆ ನಿಮಗದು ಆಗಲ್ಲ, ಬಿಟ್ಬಿಡಿ.

ಹೊಸದೇನೇ ಇರ್ಲಿ, ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿಯೇ ಮುಖಕ್ಕೆ ಹೋಗ್ಬೇಕು. ಗಿಡಮೂಲಿಕೆ ಅಂದ ಮಾತ್ರಕ್ಕೆ ಅಲರ್ಜಿ ಬರಲ್ಲ ಅಂತೇನಿಲ್ಲ.

ಚಳಿಗಾಲದಲ್ಲಿ ಕೆನ್ನೆ ಒಡೆಯತ್ತೆ, ಬೋರ್‌ವೆಲ್ ನೀರಿಗೆ ಇನ್ನೂ ಜಾಸ್ತಿ. ಏನ್ ಮಾಡ್ಲಿ?

ಶತಧೌತ ಘೃತ ಮಾಡ್ಕೊಳ್ಳಿ. ಹೆಸರು ದೊಡ್ಡದು, ಅರ್ಥ ಇಷ್ಟೇ, ನೂರು ಸಲ ತೊಳೆದ ತುಪ್ಪ. ಹಸುವಿನ ತುಪ್ಪ ಒಂದು ಸಣ್ಣ ಬಟ್ಟಲಷ್ಟು ಅಗಲವಾದ ತಾಮ್ರದ ತಟ್ಟೆಗೆ ಹಾಕಿ, ತಣ್ಣೀರು ಬಿಟ್ಟು ಅಂಗೈಯಲ್ಲಿ ತಿಕ್ಕೋದು, ನೀರು ಚೆಲ್ಲೋದು, ಮತ್ತೆ ಹೊಸ ನೀರು. ನಾನು ಮೊದಲ ಸಲ ಮಾಡಿದಾಗ ಇಪ್ಪತ್ತನೇ ಸಲಕ್ಕೆ ತೋಳು ಬಿದ್ದುಹೋಯ್ತು, ತುಪ್ಪ ಇನ್ನೂ ಹಳದಿ, ಮರಳು ಮರಳು. ಅತ್ತೆ ನಗ್ತಾ ಹೇಳಿದ್ರು, ನಿಲ್ಲಿಸ್ಬೇಡ ಪುಟ್ಟಿ, ಐವತ್ತು ದಾಟಲಿ. ಐವತ್ತರ ಹೊತ್ತಿಗೆ ಬೆಣ್ಣೆ ತರ ಬಿಳಿಚಿಕೊಂಡಿತು, ಎಂಬತ್ತಕ್ಕೆ ತುಪ್ಪದ ವಾಸನೆನೇ ಹೋಯ್ತು, ನೂರಕ್ಕೆ ಬಿಳೀ ಕೆನೆ, ಬೆರಳಲ್ಲಿ ತಗೊಂಡ್ರೆ ಭಾರನೇ ಇಲ್ಲ, ಕೆನ್ನೆಗೆ ಮುಟ್ಟಿಸಿದ್ರೆ ತಣ್ಣಗೆ ಇಳಿದುಹೋಗತ್ತೆ. ಮನೇಲಿ ನಾಲ್ಕು ಜನ ಸರದಿ ಮೇಲೆ ಕೂತ್ರೆ ಒಂದು ಸಂಜೆ ಕೆಲಸ. ಕೊನೇಲಿ ನೀರು ಚೆನ್ನಾಗಿ ಹಿಂಡಿ ಗಾಜಿನ ಬಾಟ್ಲಿಗೆ ಹಾಕಿ ಫ್ರಿಜ್ಜಲ್ಲಿಡಿ, ವಾಸನೆ ಬದಲಾದ್ರೆ ಎಸೀರಿ. ತುಟಿಗೆ, ಹಿಮ್ಮಡಿಗೆ, ಶೇವಿಂಗ್ ಆದ್ಮೇಲೆ ಉರಿಯೋ ಗಂಡಸರ ಕೆನ್ನೆಗೂ ಇದೇ.

ಬಿಸಿ ಬಿಸಿ ನೀರಲ್ಲಿ ಮುಖ ತೊಳೆಯೋದು ಬಿಡಿ. ಕತ್ತಿನ ಕೆಳಗೆ ಬಿಸಿನೀರು ಬಲ ಕೊಡತ್ತೆ, ತಲೆಗೆ ಹಾಕಿದ್ರೆ ಕೂದಲಿಗೂ ಕಣ್ಣಿಗೂ ಕೆಡುಕು ಅಂತ ಅಷ್ಟಾಂಗ ಹೃದಯದಲ್ಲೇ ಇದೆ.

ಊಟಕ್ಕೂ ಮುಖಕ್ಕೂ ಸಂಬಂಧ ಇದ್ಯಾ?

ಇದೆ. ಹಾಲಿನ ಜೊತೆ ಹುಳಿ ಹಣ್ಣು, ಹಾಲಿನ ಜೊತೆ ಮೀನು ವಿರುದ್ಧ ಆಹಾರ, ಚರ್ಮ ಕೆಡೋಕೆ ಕಾರಣ ಅಂತ ಆಯುರ್ವೇದ ಹೇಳತ್ತೆ. ಸಕ್ಕರೆ, ಮೈದಾ ಜಾಸ್ತಿ ಆದ್ರೆ ಮೊಡವೆ ಹೆಚ್ಚತ್ತೆ ಅಂತ ಈಗಿನ ಡಾಕ್ಟರುಗಳೂ ಹೇಳ್ತಾರೆ. ಬೇಕರಿ ತಿಂಡಿ ಒಂದು ತಿಂಗಳು ನಿಲ್ಲಿಸಿ ನೋಡಿ, ಬೇರೆಯವರ ಮಾತು ಕೇಳೋದಕ್ಕಿಂತ ನಿಮ್ಮ ಮುಖನೇ ಹೇಳತ್ತೆ.

ಎಷ್ಟು ದಿನಕ್ಕೆ ಗೊತ್ತಾಗತ್ತೆ?

ಚರ್ಮದ ಮೇಲ್ಪದರ ಹೊಸದಾಗೋಕೇ ಸುಮಾರು 28 ದಿನ ಬೇಕು. ಅದಕ್ಕಿಂತ ಮೊದಲು ಬದಲಿಸಬೇಡಿ, ವಾರಕ್ಕೊಂದು ಹೊಸ ಪ್ರಯೋಗ ಮಾಡಿದ್ರೆ ಯಾವುದು ಹಿಡಿಸ್ತು ಯಾವುದು ಕೆಡಿಸ್ತು ಗೊತ್ತೇ ಆಗಲ್ಲ.

ಬಸುರಿಯರು, ಸಣ್ಣ ಮಕ್ಕಳು?

ಬಸುರಿಯರು ಹೆಸರುಹಿಟ್ಟು, ಹಾಲಿನ ಕೆನೆ, ತೇಯ್ದ ಗಂಧ ಇಷ್ಟಕ್ಕೇ ನಿಲ್ಲಿಸಿ, ಮಿಕ್ಕಿದ್ದೇನಿದ್ರೂ ನೋಡ್ತಿರೋ ಡಾಕ್ಟರನ್ನ ಕೇಳಿ. ಕೂಸಿನ ಮುಖಕ್ಕೆ ಯಾವ ಲೇಪನೂ ಬೇಡ, ಕಡಲೆಹಿಟ್ಟಲ್ಲಿ ಹಣೆ ರೋಮ ಉಜ್ಜಿ ತೆಗೆಯೋದಂತೂ ಬೇಡವೇ ಬೇಡ, ಆ ರೋಮ ತಾನಾಗೇ ಉದುರತ್ತೆ.

ಲೇಪದ ಪುಡಿ ಮನೇಲೇ ಮಾಡಿಟ್ಕೋಬಹುದಾ?

ಒಣ ಪುಡಿ ಆದ್ರೆ ಖಂಡಿತ. ನಮ್ಮತ್ತೆ ಸಾಮಾನ್ಯ ಚರ್ಮದವರಿಗೆ ಕೊಡ್ತಿದ್ದಿದ್ದು ನಾಲ್ಕು ಭಾಗ ಹೆಸರುಹಿಟ್ಟು, ಒಂದು ಭಾಗ ಮಂಜಿಷ್ಠ, ಒಂದು ಭಾಗ ರಕ್ತಚಂದನ, ಅರ್ಧ ಭಾಗ ಲಾವಂಚದ ಬೇರು. ಬೇರುಗಳನ್ನ ನೆರಳಲ್ಲಿ ಗರಿಗರಿ ಆಗೋವರೆಗೂ ಒಣಗಿಸಿ, ಬೇರೆ ಬೇರೆಯಾಗಿ ಕುಟ್ಟಿ, ಬಟ್ಟೇಲಿ ಸೋಸಿ ಆಮೇಲೆ ಸೇರಿಸಿ. ಜಿಡ್ಡು ಮುಖದವರು ಪನ್ನೀರಲ್ಲಿ ಕಲಸಿ, ಒಣ ಮುಖದವರು ಹಸಿ ಹಾಲಲ್ಲಿ, ತೆಗೆದ ಮೇಲೆ ಒಣ ಮುಖಕ್ಕೆ ಎರಡು ಹನಿ ಎಳ್ಳೆಣ್ಣೆ. ಡಬ್ಬದೊಳಗೆ ಒದ್ದೆ ಚಮಚ ಹೋಗ್ಬಾರ್ದು, ಹೋದ್ರೆ ಮಳೆಗಾಲದಲ್ಲಿ ವಾರಕ್ಕೇ ಬೂಸ್ಟು ಹಿಡಿಯತ್ತೆ. ಮೇಲೆ ಒಂದು ಚೀಟಿ ಅಂಟಿಸಿ ಮಾಡಿದ ದಿನ ಬರೀರಿ, ಮೂರು ತಿಂಗಳಾದ ಮೇಲೆ ಉಳಿದಿದ್ದನ್ನ ಗಿಡದ ಬುಡಕ್ಕೆ ಹಾಕಿ.